ಆಪರೇಷನ್ ಆದ ಮೇಲೆ ಅಮ್ಮ ಯಾಕೆ ಗುರುತು ಹಿಡಿಯುತ್ತಿಲ್ಲ? ಅರಿವಳಿಕೆ ಮತ್ತು ಹಿರಿಯರ ಮೆದುಳಿನ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಮುಂಬೈ: ಊರಿನಿಂದ ಡೊಂಬಿವಲಿಯ ಮಗನ ಮನೆಗೆ ಬಂದಿದ್ದ 78 ವರ್ಷದ ತಾಯಿ ಬಚ್ಚಲುಮನೆಯಲ್ಲಿ ಜಾರಿ ಬೀಳುತ್ತಾರೆ. ಸೊಂಟದ ಮೂಳೆ ಮುರಿದಿದೆ, ಆಪರೇಷನ್ ಆಗಲೇಬೇಕು ಎನ್ನುತ್ತಾರೆ ವೈದ್ಯರು. ಆಪರೇಷನ್ ಚೆನ್ನಾಗಿಯೇ ಆಗುತ್ತದೆ. ಆದರೆ ಎರಡನೇ ದಿನ ಸಂಜೆ ಆ ತಾಯಿ ಮಗನನ್ನೇ ಗುರುತಿಸುವುದಿಲ್ಲ. ಕೈಗೆ ಹಾಕಿದ ಸಲೈನ್ ಕಿತ್ತೆಸೆಯುತ್ತಾರೆ. ಎಂದೋ ತೀರಿಕೊಂಡ ಗಂಡನನ್ನು ಕರೆಯುತ್ತಾರೆ. 'ಅನಸ್ತೇಶಿಯಾ ಜಾಸ್ತಿ ಕೊಟ್ಟು ಅಮ್ಮನ ತಲೆ ಕೆಡಿಸಿಬಿಟ್ಟರು' ಎಂದು ಮನೆಯವರು ಕಂಗಾಲಾಗುತ್ತಾರೆ.

ಇದು ಯಾರೋ ಒಬ್ಬರ ಮನೆಯ ಕಥೆಯಲ್ಲ. ಹಿರಿಯರಿರುವ ಯಾವ ಮನೆಯಲ್ಲೂ ನಡೆಯಬಹುದಾದ ಉದಾಹರಣೆ. ಇದೇ ಭಯದಿಂದ ಎಷ್ಟೋ ಕುಟುಂಬಗಳು 'ಈ ವಯಸ್ಸಿನಲ್ಲಿ ಆಪರೇಷನ್ ಬೇಡ' ಎಂದು ಹಿಂದೆ ಸರಿಯುವುದೂ ಉಂಟು. ಹಾಗಾದರೆ ಅರಿವಳಿಕೆ ನಿಜವಾಗಿಯೂ ಮೆದುಳನ್ನು ಹಾಳು ಮಾಡುತ್ತದೆಯೇ? ಹಿರಿಯರು ಮೊದಲಿನಂತಾಗಲು ಮನೆಯವರು ಏನು ಮಾಡಬಹುದು? ಇಲ್ಲಿದೆ ವಿವರ.

ಅರಿವಳಿಕೆ ಎಂದರೆ ನಿದ್ದೆಯಲ್ಲ

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ನಡೆಯುವುದನ್ನು ಜನರಿಗೆ ತೋರಿಸಿದರು. ಅದರ ನೆನಪಿಗೆ ಇಂದಿಗೂ ಆ ದಿನವನ್ನು ವಿಶ್ವ ಅರಿವಳಿಕೆ ದಿನವೆಂದು ಆಚರಿಸಲಾಗುತ್ತದೆ. ಮರುವರ್ಷವೇ ಈಥರ್ ಕಲ್ಕತ್ತಕ್ಕೆ ಬಂತು. ಸರಿಯಾಗಿ ನೂರು ವರ್ಷದ ನಂತರ, 1947ರಲ್ಲಿ, ದೇಶದ ಅರಿವಳಿಕೆ ತಜ್ಞರ ಸಂಘ ಹುಟ್ಟಿದ್ದು ಮುಂಬೈನಲ್ಲಿ.

'ನಿದ್ದೆ ಬರಿಸುತ್ತೇವೆ' ಎಂದು ವೈದ್ಯರು ಹೇಳುವುದು ರೋಗಿಗೆ ಧೈರ್ಯ ಬರಲಿ ಎಂದು. ನಿದ್ದೆಯಲ್ಲಿರುವವರನ್ನು ತಟ್ಟಿದರೆ ಏಳುತ್ತಾರೆ. ಪೂರ್ಣ ಅರಿವಳಿಕೆಯಲ್ಲಿ ಇರುವವರು ಚಾಕು ತಾಗಿದರೂ ಏಳುವುದಿಲ್ಲ. ಅದು ಔಷಧದಿಂದ ತಂದ, ಔಷಧ ನಿಲ್ಲಿಸಿದರೆ ಹಿಂದಿರುಗುವ ಪ್ರಜ್ಞಾಹೀನ ಸ್ಥಿತಿ.

ಮೆದುಳಿನ ನರಕೋಶಗಳ ಚಟುವಟಿಕೆಗೆ ಬ್ರೇಕ್ ಹಾಕುವ ಗಾಬಾ ಎಂಬ ರಾಸಾಯನಿಕವೊಂದಿದೆ. ಪ್ರೊಪೊಫಾಲ್, ಥಯೋಪೆಂಟಾಲ್, ಮಿಡಜೋಲಮ್ ಮತ್ತು ಉಸಿರಿನ ಮೂಲಕ ಕೊಡುವ ಸೆವೊಫ್ಲುರೇನ್ ಈ ಬ್ರೇಕನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಕೆಟಮಿನ್ ಬೇರೆ ದಾರಿ ಹಿಡಿಯುತ್ತದೆ, ಅದು ನರಕೋಶಗಳನ್ನು ಪ್ರಚೋದಿಸುವ ಸಂಕೇತವನ್ನೇ ತಡೆಯುತ್ತದೆ. ದಾರಿ ಯಾವುದಾದರೂ ಮೆದುಳಿನ ಭಾಗಗಳ ನಡುವಿನ ಮಾತುಕತೆ ಕಡಿದುಹೋಗುತ್ತದೆ. ಕಿವಿಗೆ ಶಬ್ದ ಬಿದ್ದರೂ ಅದು 'ಯಾರೋ ಕರೆಯುತ್ತಿದ್ದಾರೆ' ಎಂಬ ಅರಿವಾಗಿ ಕೂಡಿಕೊಳ್ಳುವುದಿಲ್ಲ. ಔಷಧ ದೇಹದಿಂದ ಇಳಿಯುತ್ತಿದ್ದಂತೆ ಆ ಮಾತುಕತೆ ಮತ್ತೆ ಶುರುವಾಗುತ್ತದೆ. ಹರೆಯದವರಲ್ಲಿ ಇದು ಬೇಗ ಆಗುತ್ತದೆ. ವಯಸ್ಸಾದವರಲ್ಲಿ ಔಷಧ ಇಳಿಯುವುದೂ ನಿಧಾನ, ಮೆದುಳು ಚೇತರಿಸಿಕೊಳ್ಳುವುದೂ ನಿಧಾನ.

ಮೆದುಳಿಗೆ ದೊಡ್ಡ ಅಪಾಯ ಎಲ್ಲಿದೆ?

ಅರಿವಳಿಕೆ ಕೊಟ್ಟ ಹೊತ್ತಿನಲ್ಲಿ ಮೆದುಳಿಗಿರುವ ಅತಿದೊಡ್ಡ ಅಪಾಯ ಆಮ್ಲಜನಕ ನಿಂತುಹೋಗುವುದು. ಕೆಲವೇ ನಿಮಿಷ ಆಮ್ಲಜನಕ ಸಿಗದಿದ್ದರೂ ನರಕೋಶಗಳು ಸಾಯಲು ತೊಡಗುತ್ತವೆ, ಸತ್ತ ಕೋಶಗಳು ಮರಳಿ ಬರುವುದಿಲ್ಲ.

ಆ ಹಾನಿ ಎಷ್ಟು ಶಾಶ್ವತ ಎಂಬುದನ್ನು ಮುಂಬೈ ಮತ್ತು ಕರ್ನಾಟಕ ಎರಡೂ ಕಣ್ಣಾರೆ ಕಂಡಿವೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರ್‌ನಲ್ಲಿ ಹಲ್ಲೆ ನಡೆಯಿತು. ಕುತ್ತಿಗೆಗೆ ಸರಪಳಿ ಬಿಗಿದಿದ್ದರಿಂದ ಮೆದುಳಿಗೆ ಆಮ್ಲಜನಕ ಸಿಗದೆ, 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ 41 ವರ್ಷಕ್ಕೂ ಹೆಚ್ಚು ಕಾಲ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಆ ಪ್ರಕರಣಕ್ಕೂ ಅರಿವಳಿಕೆಗೂ ಸಂಬಂಧವಿಲ್ಲ. ಆದರೆ ಔಷಧದಿಂದ ಬಂದ ಪ್ರಜ್ಞಾಹೀನತೆ ಹಿಂದಿರುಗುತ್ತದೆ, ದೀರ್ಘ ಆಮ್ಲಜನಕದ ಕೊರತೆಯಿಂದ ಆದ ಹಾನಿ ಹಿಂದಿರುಗದೇ ಇರಬಹುದು ಎಂಬ ವ್ಯತ್ಯಾಸ ಅದರಿಂದ ಅರ್ಥವಾಗುತ್ತದೆ.

ಆಪರೇಷನ್ ಥಿಯೇಟರ್‌ನಲ್ಲಿ ಅರಿವಳಿಕೆ ತಜ್ಞರು ಇಂಜೆಕ್ಷನ್ ಕೊಟ್ಟು ಹೊರಗೆ ಹೋಗದೆ ಕೊನೆಯವರೆಗೂ ರೋಗಿಯ ತಲೆಯ ಬಳಿ ಇರುವುದು ಇದೇ ಕಾರಣಕ್ಕೆ. ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್, ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ, ಬಿಪಿ, ಇಸಿಜಿ ಇವೆಲ್ಲದರ ಮೇಲೆ ಅವರ ಕಣ್ಣಿರುತ್ತದೆ. ದಂತ ಕ್ಲಿನಿಕ್‌ನಲ್ಲೋ ಎಂಡೋಸ್ಕೋಪಿ ಕೇಂದ್ರದಲ್ಲೋ 'ಸ್ವಲ್ಪ ಮಂಪರು ಕೊಡುತ್ತೇವೆ ಅಷ್ಟೇ' ಎಂದಾಗಲೂ ಕೇಳಬೇಕಾದ ಪ್ರಶ್ನೆ ಒಂದೇ: ಮಂಪರಿನಲ್ಲಿರುವಾಗ ಉಸಿರಾಟವನ್ನು ಗಮನಿಸುವುದಕ್ಕೆಂದೇ ತರಬೇತಿ ಪಡೆದ ಒಬ್ಬರು ಇರುತ್ತಾರೆಯೇ?

ಹಾಗಾದರೆ ಎರಡನೇ ದಿನದ ಗಲಿಬಿಲಿ ಏನು?

ಹಳ್ಳಿಯ ಮಾತಿನಲ್ಲಿ ಅದು 'ಸನ್ನಿ', ವೈದ್ಯರ ಭಾಷೆಯಲ್ಲಿ ಡೆಲಿರಿಯಂ. ಸಾಮಾನ್ಯವಾಗಿ ಆಪರೇಷನ್ ಆದ ಮೊದಲ ಮೂರು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಸರಿಯಾಗಿ ಮಾತನಾಡಿದವರು ಸಂಜೆಗೆ ತಬ್ಬಿಬ್ಬಾಗುತ್ತಾರೆ. ಕೂಗಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಆದರೆ ಸುಮ್ಮನೆ ಮಲಗಿ, ಊಟ ಬೇಡವೆಂದು, ಕರೆದರೂ ಓಗೊಡದೆ ಇರುವವರಿಗೂ ಸನ್ನಿಯೇ ಆಗಿರಬಹುದು. 'ಪಾಪ, ಸುಸ್ತಾಗಿದ್ದಾರೆ, ಮಲಗಲಿ ಬಿಡಿ' ಎಂದು ಅದು ಕಣ್ಣು ತಪ್ಪಿಹೋಗುವುದೇ ಹೆಚ್ಚು.

ಸನ್ನಿ ಬಹುತೇಕರಲ್ಲಿ ಇಳಿದುಹೋಗುತ್ತದೆ. ಆದರೆ ಅದನ್ನು ಹಗುರವಾಗಿ ಕಾಣುವಂತಿಲ್ಲ. ಸನ್ನಿಗೆ ಒಳಗಾದವರು ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುತ್ತಾರೆ, ಬೀಳುವ ಅಪಾಯ ಹೆಚ್ಚು, ಮುಂದೆ ನೆನಪಿನ ಶಕ್ತಿ ಕುಗ್ಗುವ ಸಾಧ್ಯತೆಯೂ ಹೆಚ್ಚು.

ಸನ್ನಿ ಇಳಿದ ಮೇಲೂ ಮರೆವು, ಲೆಕ್ಕ ತಪ್ಪುವುದು ಕೆಲವರಲ್ಲಿ ಉಳಿಯುತ್ತದೆ. 60 ದಾಟಿದ 1,218 ರೋಗಿಗಳ ಮೇಲೆ ನಡೆದು 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೊಡ್ಡ ಆಪರೇಷನ್ ಆದ ಒಂದು ವಾರಕ್ಕೆ ಶೇ 25.8ರಷ್ಟು ಮಂದಿಯಲ್ಲಿ ಇಂಥ ಕುಂದು ಕಂಡಿತ್ತು. ಮೂರು ತಿಂಗಳ ಹೊತ್ತಿಗೆ ಅದು ಶೇ 9.9ಕ್ಕೆ ಇಳಿದಿತ್ತು. ಅಂದರೆ ಹೆಚ್ಚಿನವರು ಚೇತರಿಸಿಕೊಂಡರು, ಆದರೆ ಎಲ್ಲರೂ ಅಲ್ಲ. ವಯಸ್ಸು ಹೆಚ್ಚಿದಷ್ಟೂ, ಅರಿವಳಿಕೆಯ ಅವಧಿ ಉದ್ದವಾದಷ್ಟೂ, ಸೋಂಕು ಅಥವಾ ಎರಡನೇ ಆಪರೇಷನ್ ಆದಾಗ ಆರಂಭದ ಈ ತೊಂದರೆ ಹೆಚ್ಚಿತ್ತು. ಅರಿವಳಿಕೆಯಿಂದಲೇ ಅಲ್ಝೈಮರ್ ಕಾಯಿಲೆ ಬರುತ್ತದೆ ಎಂಬುದಕ್ಕಂತೂ ದೃಢವಾದ ಪುರಾವೆ ಸಿಕ್ಕಿಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಮೆದುಳು ಸುರಕ್ಷಿತವೇ?

'ಪೂರ್ತಿ ಮತ್ತು ಬರಿಸಬೇಡಿ ಡಾಕ್ಟ್ರೇ, ಬೆನ್ನಿಗೆ ಕೊಡಿ' ಎನ್ನುವವರು ಬಹಳ. ಬೆನ್ನುಹುರಿಯ ಬಳಿ ಕೊಡುವ ಸ್ಪೈನಲ್ ಅರಿವಳಿಕೆ ಸೊಂಟದ ಕೆಳಗನ್ನು ಮಾತ್ರ ಮರಗಟ್ಟಿಸುತ್ತದೆ. ಆದ್ದರಿಂದ ಮೆದುಳಿಗೆ ಒಳ್ಳೆಯದು ಎಂದು ವೈದ್ಯರೂ ಬಹುಕಾಲ ಭಾವಿಸಿದ್ದರು.

2021ರಲ್ಲಿ ಅಮೆರಿಕ ಮತ್ತು ಕೆನಡಾದ ವೈದ್ಯರು ಸೊಂಟದ ಮೂಳೆ ಮುರಿದ 1,600 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದ ಫಲಿತಾಂಶ ಹೊರಬಂತು. ಸ್ಪೈನಲ್ ಪಡೆದವರಲ್ಲಿ ಶೇ 20.5, ಪೂರ್ಣ ಅರಿವಳಿಕೆ ಪಡೆದವರಲ್ಲಿ ಶೇ 19.7 ಮಂದಿಗೆ ಸನ್ನಿ ಕಾಣಿಸಿತ್ತು. ಅಂದರೆ ವ್ಯತ್ಯಾಸವೇ ಇಲ್ಲ. ಸ್ಪೈನಲ್ ಜೊತೆ ಮಂಪರು ಔಷಧವನ್ನೂ ಕೊಟ್ಟಿದ್ದರಿಂದ ಹೀಗಾಗಿರಬಹುದೇ ಎಂಬ ಪ್ರಶ್ನೆ ಎದ್ದಿತು. 2022ರಲ್ಲಿ ಚೀನಾದಲ್ಲಿ 65 ದಾಟಿದ 950 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಅಲ್ಲಿ ಮಂಪರು ಕೊಡದೆ ದೇಹದ ಭಾಗವನ್ನಷ್ಟೇ ಮರಗಟ್ಟಿಸಲಾಗಿತ್ತು. ಅಲ್ಲೂ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ.

ಔಷಧದ ಪ್ರಮಾಣ ತಗ್ಗಿಸಿದರೆ? ಮೆದುಳಿನ ಅಲೆಗಳನ್ನು ಯಂತ್ರದಲ್ಲಿ ನೋಡುತ್ತಾ ಅಳೆದು ಅರಿವಳಿಕೆ ಕೊಟ್ಟ ಅಧ್ಯಯನವೊಂದು 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. 1,232 ಹಿರಿಯರು ಅದರಲ್ಲಿದ್ದರು. ಸನ್ನಿಯ ಪ್ರಮಾಣ ಅಲ್ಲಿಯೂ ಇಳಿಯಲಿಲ್ಲ.

ಇದರರ್ಥ ಸ್ಪೈನಲ್ ಬೇಡ ಎಂದಲ್ಲ. ಶ್ವಾಸಕೋಶ, ಹೃದಯದ ಸ್ಥಿತಿ, ರಕ್ತ ತೆಳುಮಾಡುವ ಮಾತ್ರೆ ಇವೆಲ್ಲ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಆದರೆ ಮೆದುಳಿನ ದೃಷ್ಟಿಯಿಂದ 'ಯಾವ ಅರಿವಳಿಕೆ' ಎಂಬುದಕ್ಕಿಂತ ಆಪರೇಷನ್‌ನ ಹಿಂದೆ ಮುಂದೆ ಏನಾಗುತ್ತದೆ ಎಂಬುದೇ ಹೆಚ್ಚು ಮುಖ್ಯ ಎಂಬ ಕಡೆಗೆ ಈ ಫಲಿತಾಂಶಗಳು ಬೊಟ್ಟು ಮಾಡುತ್ತವೆ. ನೋವು, ಸೋಂಕು, ನಿರ್ಜಲೀಕರಣ, ನಿದ್ದೆಗೇಡು, ಮಲಬದ್ಧತೆ, ಮೂತ್ರದ ನಳಿಕೆ, ಹೊಸ ಮಾತ್ರೆಗಳು ಎಲ್ಲವೂ ಸೇರಿ ಸನ್ನಿಯನ್ನು ತರುತ್ತವೆ.

ತಡಮಾಡುವುದರಿಂದಲೂ ಲಾಭವಿಲ್ಲ. 17 ದೇಶಗಳ 2,970 ಸೊಂಟ ಮುರಿತದ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಗ ಆಪರೇಷನ್ ಮಾಡಿದ್ದರಿಂದ ಸಾವಿನ ಪ್ರಮಾಣ ಬದಲಾಗಲಿಲ್ಲ. ಆದರೆ ಸನ್ನಿ ಕಡಿಮೆಯಾಯಿತು, ರೋಗಿಗಳು ಬೇಗ ಎದ್ದು ನಡೆದರು. ಅರಿವಳಿಕೆಯ ಭಯದಿಂದ ದಿನ ದೂಡಿದರೆ ಹಾಸಿಗೆಯಲ್ಲಿ ನೋವು ತಿನ್ನುತ್ತಾ ಮಲಗುವುದೇ ಮೆದುಳಿಗೆ ಭಾರವಾಗಬಹುದು.

ಐಸಿಯುನಲ್ಲಿ ಮಂಪರು: ಹೆಚ್ಚಾದರೆ ಹಾನಿ

ಆಪರೇಷನ್‌ನ ಅರಿವಳಿಕೆ ಕೆಲವು ಗಂಟೆಗಳದ್ದು. ವೆಂಟಿಲೇಟರ್‌ನಲ್ಲಿರುವ ರೋಗಿಗೆ ಮಂಪರು ದಿನಗಟ್ಟಲೆ ಸಾಗುತ್ತದೆ. ಹಿಂದೆ ರೋಗಿ ಅಲುಗಾಡದಂತೆ ಗಾಢ ಮಂಪರಿನಲ್ಲಿ ಇಡುವುದೇ ರೂಢಿಯಾಗಿತ್ತು. 2000ರಲ್ಲಿ ಶಿಕಾಗೊ ವೈದ್ಯರು 128 ರೋಗಿಗಳಲ್ಲಿ ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ದಿನಕ್ಕೊಮ್ಮೆ ಮಂಪರು ನಿಲ್ಲಿಸಿ ರೋಗಿ ಎಚ್ಚರವಾಗುವವರೆಗೆ ಕಾದವರಲ್ಲಿ ವೆಂಟಿಲೇಟರ್ ಅವಧಿ 7.3 ದಿನದಿಂದ 4.9 ದಿನಕ್ಕೆ ಇಳಿಯಿತು.

ಅಲ್ಲಿಂದ ಮುಂದೆ ಚಿಕಿತ್ಸೆಯ ಕ್ರಮ ಬದಲಾಯಿತು. ಈಗ ಸಾಧ್ಯವಾದಷ್ಟು ತೆಳುವಾದ ಮಂಪರು ಕೊಡುವಂತೆ, ಮಿಡಜೋಲಮ್, ಲೊರಾಜೆಪಾಮ್‌ನಂಥ ಔಷಧಗಳ ಬದಲು ಪ್ರೊಪೊಫಾಲ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್ ಬಳಸುವಂತೆ ಮಾರ್ಗಸೂಚಿಗಳು ಹೇಳುತ್ತವೆ. 'ಅಪ್ಪನನ್ನು ಯಾಕೆ ಎಚ್ಚರ ಮಾಡುತ್ತಿದ್ದೀರಿ, ಮಲಗಿರಲಿ ಬಿಡಿ' ಎಂದು ಮನೆಯವರು ಸಂಕಟಪಡುವುದು ಸಹಜ. ಆದರೆ ಆ ಎಚ್ಚರವೇ ಅವರ ಚಿಕಿತ್ಸೆ.

ಮನೆಯವರ ಕೈಯಲ್ಲಿರುವ ಔಷಧ

ಸನ್ನಿ ತಡೆಯಲು ಖಚಿತವಾದ ಮಾತ್ರೆ ಇನ್ನೂ ಇಲ್ಲ. ಮಾತ್ರೆಯಿಲ್ಲದ ಒಂದು ದಾರಿ ಮಾತ್ರ ಗಟ್ಟಿಯಾಗಿ ನಿಂತಿದೆ. 1999ರಲ್ಲಿ ಅಮೆರಿಕದ ಯೇಲ್‌ನಲ್ಲಿ 70 ದಾಟಿದ 852 ಒಳರೋಗಿಗಳ ಅಧ್ಯಯನ ಪ್ರಕಟವಾಯಿತು. ಇವರು ಆಪರೇಷನ್ ಆದವರಲ್ಲ, ಬೇರೆ ಕಾಯಿಲೆಗಳಿಗೆ ದಾಖಲಾದವರು. ಇಂದು ಯಾವ ದಿನ, ಎಲ್ಲಿದ್ದೀರಿ ಎಂದು ನೆನಪಿಸುವುದು, ರಾತ್ರಿ ಸದ್ದಿಲ್ಲದೆ ಮಲಗಲು ಬಿಡುವುದು, ಬೇಗ ಎಬ್ಬಿಸಿ ನಡೆಸುವುದು, ಕನ್ನಡಕ ಮತ್ತು ಶ್ರವಣಯಂತ್ರ ಹಾಕಿಸುವುದು, ನೀರು ಕುಡಿಸುವುದು ಇಷ್ಟೇ ಉಪಾಯ. ಸನ್ನಿ ಶೇ 15ರಿಂದ ಶೇ 9.9ಕ್ಕೆ ಇಳಿಯಿತು. ಆಪರೇಷನ್ ಆದ ಹಿರಿಯರ ವಾರ್ಡ್‌ಗಳಲ್ಲೂ ಇಂದು ಇದೇ ಕ್ರಮವನ್ನು ಅನುಸರಿಸುತ್ತಾರೆ.

ಮುಂಬೈಯಂಥ ಊರಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕನ್ನಡವೋ ತುಳುವೋ ಮಾತ್ರ ಬಲ್ಲ ತಾಯಿಗೆ ಸಿಸ್ಟರ್ ಮರಾಠಿಯಲ್ಲೋ ಹಿಂದಿಯಲ್ಲೋ ಪ್ರಶ್ನೆ ಕೇಳುತ್ತಾರೆ. ಉತ್ತರ ಬರದಿದ್ದರೆ ಅದು ಸನ್ನಿಯೋ ಭಾಷೆ ತಿಳಿಯದ್ದೋ ಎಂದು ಯಾರಿಗೂ ಗೊತ್ತಾಗುವುದಿಲ್ಲ. 'ಅಮ್ಮಾ, ನಾನು ಇಲ್ಲೇ ಇದ್ದೇನೆ. ಇದು ಆಸ್ಪತ್ರೆ. ನಿಮಗೆ ಆಪರೇಷನ್ ಆಗಿದೆ, ಇವತ್ತು ಮಂಗಳವಾರ ಬೆಳಿಗ್ಗೆ' ಎಂದು ಅವರದೇ ಭಾಷೆಯಲ್ಲಿ ಹೇಳುವ ದನಿ ಅಲ್ಲಿ ಚಿಕಿತ್ಸೆಯ ಭಾಗವೇ. ಪಾಸ್ ಒಬ್ಬರಿಗಷ್ಟೇ ಸಿಗುವುದಾದರೆ, ಸಂಜೆಯ ಹೊತ್ತಿಗೆ ಆ ಭಾಷೆ ಬಲ್ಲವರೇ ಹಾಸಿಗೆಯ ಬಳಿ ಇರುವಂತೆ ನೋಡಿಕೊಳ್ಳಿ. ಭಾಷೆಯ ವಿಷಯವನ್ನು ಸಿಸ್ಟರ್‌ಗೂ ಮೊದಲೇ ತಿಳಿಸಿ.

ಅರಿವಳಿಕೆ ತಜ್ಞರಿಗೆ ಇವನ್ನು ಮುಚ್ಚಿಡಬೇಡಿ

- ನಿದ್ದೆ ಮಾತ್ರೆ ಅಥವಾ ಆತಂಕದ ಮಾತ್ರೆ ತೆಗೆದುಕೊಳ್ಳುವ ಅಭ್ಯಾಸವಿದ್ದರೆ ಹೆಸರು, ಪ್ರಮಾಣ ಸಹಿತ ಹೇಳಿ.
- ದಿನವೂ ಮದ್ಯ ಸೇವಿಸುವವರಾದರೆ ನಾಚಿಕೆಪಡದೆ ತಿಳಿಸಿ. ಮದ್ಯ ಏಕಾಏಕಿ ನಿಂತರೂ ಸನ್ನಿ ಬರುತ್ತದೆ.
- ಮರೆವು ಮೊದಲೇ ಶುರುವಾಗಿತ್ತೇ, ಹಿಂದಿನ ಆಪರೇಷನ್ ನಂತರ ಗಲಿಬಿಲಿ ಆಗಿತ್ತೇ ಎಂಬುದನ್ನು ಹೇಳಿ.
- ರಕ್ತ ತೆಳುಮಾಡುವ, ಬಿಪಿ, ಸಕ್ಕರೆ ಕಾಯಿಲೆ ಮಾತ್ರೆಗಳ ಚೀಟಿ ಜೊತೆಗಿರಲಿ.
- ಉಪವಾಸದ ಬಗ್ಗೆ ಸ್ಪಷ್ಟವಾಗಿ ಕೇಳಿಕೊಳ್ಳಿ. ಸಾಮಾನ್ಯವಾಗಿ ಹಗುರ ಆಹಾರ 6 ಗಂಟೆ, ನೀರು 2 ಗಂಟೆ ಮೊದಲು ನಿಲ್ಲಿಸಿದರೆ ಸಾಕು. ಹಿಂದಿನ ರಾತ್ರಿಯಿಂದ ನೀರೂ ಇಲ್ಲದೆ ಇಡುವುದು ಹಿರಿಯರಿಗೆ ಒಳ್ಳೆಯದಲ್ಲ.
- ಕನ್ನಡಕ, ಶ್ರವಣಯಂತ್ರ, ಹಲ್ಲಿನ ಸೆಟ್ ಆಪರೇಷನ್ ಮುಗಿದು ಎಚ್ಚರವಾದ ಕೂಡಲೇ ಕೈಗೆ ಸಿಗುವಂತಿರಲಿ.

ಹಿರಿಯರ ಮಾತು, ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗಬೇಡಿ, ಆ ಕ್ಷಣವೇ ಡ್ಯೂಟಿ ಡಾಕ್ಟರಿಗೆ ತಿಳಿಸಿ. ಸೋಂಕು, ಸೋಡಿಯಂ ಕೊರತೆ, ಆಮ್ಲಜನಕದ ಇಳಿಕೆಯಂಥ ಸರಿಪಡಿಸಬಹುದಾದ ಕಾರಣ ಅದರ ಹಿಂದಿರಬಹುದು. 'ಇವರು ಯಾವಾಗಲೂ ಹೀಗಿರಲಿಲ್ಲ' ಎಂದು ವೈದ್ಯರಿಗೆ ಹೇಳಬಲ್ಲವರು ಮನೆಯವರು ಮಾತ್ರ.

(ಸೂಚನೆ: ಇದು ಸಾಮಾನ್ಯ ಮಾಹಿತಿಗಾಗಿ ನೀಡಿದ ಬರಹ. ಚಿಕಿತ್ಸೆ, ಔಷಧ ಅಥವಾ ಉಪವಾಸದ ಬಗ್ಗೆ ನಿಮ್ಮ ವೈದ್ಯರ ಸಲಹೆಯನ್ನೇ ಪಾಲಿಸಿ.)