ನಡುಗುವ ಪಟ್ಟಿಯನ್ನು ನಿಲ್ಲಿಸುವುದು ಹೇಗೆ?

ಕಂಪನದ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಸ್ಕೇಲನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಮೀಟುತ್ತಾರೆ, ಆವೃತ್ತಿಯ ವ್ಯಾಖ್ಯೆ ಹೇಳಿಸಿ ಮುಂದೆ ಹೋಗುತ್ತಾರೆ. ನಡುಕವನ್ನು ನಿಲ್ಲಿಸುವುದು ಹೇಗೆ ಎಂದು ಕೇಳುವುದಿಲ್ಲ. ಎಂಜಿನಿಯರಿಗೆ ಬೇಕಾದದ್ದು ಅದೇ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಳ್ಳುವ ಉಪಗ್ರಹಗಳಿಗೂ ಹಗುರವಾದ ಸೌರಫಲಕಗಳಿರುತ್ತವೆ. ಗಾಳಿಯಿಲ್ಲದ ಅಂತರಿಕ್ಷದಲ್ಲಿ ಇಂಥವು ಒಮ್ಮೆ ನಡುಗಿದರೆ ಬೇಗ ನಿಲ್ಲವು. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ ಮೊದಲ ಸೌರಫಲಕಗಳು ಬಿಸಿಲು, ನೆರಳು ದಾಟುವಾಗ ನಡುಗಿ ದೂರದರ್ಶಕವನ್ನೇ ಅಲುಗಿಸುತ್ತಿದ್ದವು. 1993ರಲ್ಲಿ ಅವನ್ನು ಬದಲಿಸಿದರು.

ಬಾಗುವ ಪಟ್ಟಿಗೆ ಪೀಜೋ ತುಣುಕುಗಳನ್ನು ಅಂಟಿಸಿದರೆ ಅದು 'ಸ್ಮಾರ್ಟ್ ಬೀಮ್'. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ಅಡುಗೆಮನೆಯ ಗ್ಯಾಸ್ ಲೈಟರಿನ ಕಿಡಿ ಅದೇ. ಉಲ್ಟಾ ವಿದ್ಯುತ್ ಕೊಟ್ಟರೆ ಹರಳು ಹಿಗ್ಗಿ ಕುಗ್ಗುತ್ತದೆ. ಒಂದು ತುಣುಕು ಬಾಗುವಿಕೆಯನ್ನು ಅಳೆಯುತ್ತದೆ, ಇನ್ನೊಂದು ಪಟ್ಟಿಯನ್ನು ಬಾಗಿಸುತ್ತದೆ, ನಡುವಿನ ನಿಯಂತ್ರಕ ಲೆಕ್ಕ ಹಾಕುತ್ತದೆ. ಲೋಹಕ್ಕೇ ಬುದ್ಧಿ ಬಂದಿದೆ ಎಂದು ಮಕ್ಕಳು ತಿಳಿಯದಂತೆ ನೋಡಿಕೊಳ್ಳಿ.

ನಿಜವಾದ ಕಲಿಕಾಂಶ ಇಲ್ಲಿದೆ: ಯಾವಾಗ ತಳ್ಳಬೇಕು? 'ಪಟ್ಟಿ ಎತ್ತ ಸರಿದಿದೆಯೋ ಅದರ ವಿರುದ್ಧ' ಎಂಬ ಉತ್ತರ ಬರುತ್ತದೆ. ಅದು ಸಾಲದು. ಸ್ಥಾನಕ್ಕೆ ವಿರುದ್ಧವಾದ ಬಲ ಇನ್ನೊಂದು ಸ್ಪ್ರಿಂಗಿನಂತೆ. ಪಟ್ಟಿ ಇನ್ನೂ ವೇಗವಾಗಿ ನಡುಗುತ್ತದಷ್ಟೆ. ಚಲನೆಯ ದಿಕ್ಕಿಗೆ ವಿರುದ್ಧವಾಗಿ ತಳ್ಳಿದರೆ ಮಾತ್ರ ಶಕ್ತಿ ಕಳೆಯುತ್ತದೆ. ಪಂಚಮಿ ಜೋಕಾಲಿಯನ್ನು ತೂಗಿದ ಮಕ್ಕಳಿಗೆ ಇದು ಬೇಗ ಹೊಳೆಯುತ್ತದೆ: ಹೋಗುವ ಕಡೆಗೇ ನೂಕಿದರೆ ಏರುತ್ತದೆ, ಎದುರು ಬರುವಾಗ ತಡೆದರೆ ಇಳಿಯುತ್ತದೆ.

ಮುಡಬಿ ಸುತ್ತಿನ ಶಾಲೆಗಳಲ್ಲಿ ಇದನ್ನು ಹ್ಯಾಕ್‌ಸಾ ಬ್ಲೇಡಿನಿಂದ ಮಾಡಬಹುದು. ಹಲ್ಲುಗಳಿಗೆ ಟೇಪು ಸುತ್ತಿ, ಅಡ್ಡಕ್ಕೆ ತೂಗುವಂತೆ ಬ್ಲೇಡನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದು ತುದಿಯನ್ನು ಮೇಜಿಗೆ ಬಿಗಿಯಿರಿ. ಇನ್ನೊಂದು ತುದಿಗೆ ಸುಮಾರು 100 ಗ್ರಾಂ ನಟ್‌ಗಳನ್ನು ಕಟ್ಟಿದರೆ ಸೆಕೆಂಡಿಗೆ ಒಂದೂವರೆ ಸಲದಷ್ಟು ತೂಗುತ್ತದೆ. ಒಬ್ಬ ವಿದ್ಯಾರ್ಥಿ ಬೆರಳಿನಿಂದ ಮೆಲ್ಲಗೆ ತಟ್ಟಿ ನಿಲ್ಲಿಸಲಿ: ಕಣ್ಣು ಸಂವೇದಕ, ಮಿದುಳು ನಿಯಂತ್ರಕ. ಆಮೇಲೆ ಅವನ ಕಣ್ಣು ಕಟ್ಟಿ, ಗೆಳೆಯನ ಕೂಗು ಕೇಳಿ ತಟ್ಟಲು ಹೇಳಿ. ಕೂಗು ತಲುಪುವಷ್ಟರಲ್ಲಿ ಬ್ಲೇಡು ಹಿಂತಿರುಗಿರುತ್ತದೆ, ಎಷ್ಟೋ ಸಲ ತೂಗಾಟ ಹೆಚ್ಚುತ್ತದೆ. ವಿಳಂಬದ ಅಪಾಯ ಇದಕ್ಕಿಂತ ಚೆನ್ನಾಗಿ ಕಪ್ಪುಹಲಗೆಯ ಮೇಲೆ ಕಾಣದು.

ಸ್ಥಾನ ನಿಯಂತ್ರಣಕ್ಕೆ ಬ್ಲೇಡಿನ ಬುಡವನ್ನು ಒಂದು ಮರದ ತುಂಡಿಗೆ ಬಿಗಿದು, ತುಂಡನ್ನು ಒಂದು ಗೆರೆಯಿಂದ ಇನ್ನೊಂದಕ್ಕೆ ಸರ್ರನೆ ಸರಿಸಿ. ಬುಡ ನಿಂತರೂ ತುದಿ ತೂಗುತ್ತಲೇ ಇರುತ್ತದೆ. ಈಗ ಅರ್ಧ ದೂರ ಸರಿಸಿ, ಅರ್ಧ ಆವರ್ತಕಾಲ ತಡೆದು, ಉಳಿದರ್ಧ ಸರಿಸಿ. ಆ ಹೊತ್ತಿಗೆ ತುದಿ ತೂಗಿ ಕೊನೆಯ ಗೆರೆಯನ್ನೇ ಮುಟ್ಟಿ ಕ್ಷಣ ನಿಂತಿರುತ್ತದೆ. ಬುಡ ಅದರ ಕೆಳಗೆ ಬಂದು ಸೇರಿದರೆ ತೂಗಾಟ ಬಹುಪಾಲು ಮುಗಿಯಿತು. ಇದಕ್ಕೆ ಸಂವೇದಕವೇ ಬೇಡ. ಆದರೆ ಮಕ್ಕಳಿಗೆ ಹೇಳದೆ ಇನ್ನೆರಡು ನಟ್ ಕಟ್ಟಿ, ಹಳೆಯ ಲೆಕ್ಕದಲ್ಲೇ ಸರಿಸಲು ಬಿಡಿ. ತುದಿ ಮತ್ತೆ ತೂಗುತ್ತದೆ. 'ಯಾಕೆ?' ಎಂದು ತರಗತಿ ಕೇಳಿದಾಗ ಪೀಜೋ ತುಣುಕನ್ನು ಕೈಗೆತ್ತಿಕೊಳ್ಳಿ.