ಮುಕ್ಕಾಲಿಯ ಮೇಲೊಂದು ರೈಫಲ್

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಬೇರೂರಿದ ಗುರಿಯಾಟ ಬೆಂಚ್‌ರೆಸ್ಟ್. ಇದರಲ್ಲಿ ಗುರಿಕಾರ ಕಾಂಕ್ರೀಟ್ ಮೇಜಿನ ಮುಂದೆ ಕೂರುತ್ತಾನೆ. ರೈಫಲ್ಲಿನ ಮುಂಭಾಗ ‘ರೆಸ್ಟ್’ ಎಂಬ ಲೋಹದ ಮುಕ್ಕಾಲಿಯ ಮೇಲಿನ ಮರಳಚೀಲದಲ್ಲಿರುತ್ತದೆ. ಹಿಂಭಾಗ ಇನ್ನೊಂದು ಚೀಲದ ಎರಡು ಕಿವಿಗಳ ನಡುವೆ. ಗುರಿ 100 ಗಜ, ಅಂದರೆ ಸುಮಾರು 91 ಮೀಟರ್ ದೂರ. ಐದು ಗುಂಡುಗಳ ತೂತುಗಳನ್ನು ಅತಿ ಒತ್ತಾಗಿ ಕೂಡಿಸಿದವನಿಗೆ ಗೆಲುವು. 1973ರಲ್ಲಿ ಮ್ಯಾಕ್ ಮೆಕ್‌ಮಿಲನ್ ಹೊಡೆದ ಗುಂಪಿನ ಅಳತೆ, ಅತಿ ದೂರದ ಎರಡು ತೂತುಗಳ ಕೇಂದ್ರದಿಂದ ಕೇಂದ್ರಕ್ಕೆ, 0.009 ಇಂಚು. ಕಾಲು ಮಿಲಿಮೀಟರೂ ಇಲ್ಲ. ಆ ದಾಖಲೆ ಮುರಿಯಲು 40 ವರ್ಷ ಬೇಕಾಯಿತು.

ಕೂದಲೆಳೆಯ ಲೆಕ್ಕ

ಎರಡು ಚೀಲಗಳ ನಡುವೆ ಅರ್ಧ ಮೀಟರ್ ಅಂತರವಿದೆ ಎನ್ನೋಣ. ಮುಂದಿನ ರೆಸ್ಟ್ 0.1 ಮಿಲಿಮೀಟರ್, ಅಂದರೆ ಒಂದು ಕೂದಲಿನ ದಪ್ಪದಷ್ಟು, ಕುಸಿದರೆ ನಳಿಗೆ ಐದು ಸಾವಿರಕ್ಕೆ ಒಂದರಷ್ಟು ಓರೆಯಾಗುತ್ತದೆ. 91 ಮೀಟರ್ ಆಚೆ ಅದು 18 ಮಿಲಿಮೀಟರ್ ತಪ್ಪು. ರೈಫಲ್ಲಿನ ಮೇಲಿನ ದುರ್ಬೀನಿನಲ್ಲಿ ನೋಡಿ ಮತ್ತೆ ಸರಿಪಡಿಸಬಹುದು, ನಿಜ. ಆದರೆ ನೋಡಿಯಾದ ಮೇಲೆ, ಕುದುರೆ ಎಳೆಯುವ ಹೊತ್ತಿಗೆ ಕದಲಿದರೆ ಏನೂ ಮಾಡುವಂತಿಲ್ಲ.

ಮೂರೇ ಕಾಲು ಏಕೆ?

ಮೂರು ಕಲ್ಲಿನ ಒಲೆ ಎಂಥ ಏರುತಗ್ಗಿನ ನೆಲದಲ್ಲೂ ಮಡಕೆಯನ್ನು ಅಲುಗಾಡದೆ ಹೊರುತ್ತದೆ. ಯಾವ ಮೂರು ಬಿಂದುಗಳೂ ಒಂದೇ ಸಮತಲದಲ್ಲಿ ಇರಲೇಬೇಕು. ನಾಲ್ಕನೆಯದಕ್ಕೆ ಆ ಖಾತರಿಯಿಲ್ಲ. ರೆಸ್ಟಿಗೆ ಮೂರು ಕಾಲಿರುವುದು ಇದಕ್ಕೇ. ಕಾಲುಗಳು ಅಗಲಕ್ಕೆ ಚಾಚಿದಷ್ಟೂ ವಾಸಿ.

ಈ ಆಟದ ಪ್ರಚಲಿತ ವಿಭಾಗಗಳಲ್ಲಿ ರೆಸ್ಟನ್ನು ಮೇಜಿಗೆ ಬಿಗಿಯುವಂತಿಲ್ಲ. ಅದು ತನ್ನ ತೂಕದಿಂದಲೇ ನಿಲ್ಲಬೇಕು. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಜಾರುತ್ತದೆ, ಚೀಲದೊಡನೆ ಉಜ್ಜಿ ರೆಸ್ಟಿನ ತಲೆಯನ್ನೂ ತನ್ನತ್ತ ಎಳೆಯುತ್ತದೆ. ತಲೆ ಎತ್ತರದಲ್ಲಿದ್ದಷ್ಟೂ ಆ ಎಳೆತಕ್ಕೆ ಸನ್ನೆಯ ಬಲ ಹೆಚ್ಚು. ಆದ್ದರಿಂದ ತಲೆಯನ್ನು ಹೊತ್ತ ನಡುಕಂಬವನ್ನು ಆದಷ್ಟು ಇಳಿಸಿ, ತಿರುಪುಗಳನ್ನೆಲ್ಲ ಬಿಗಿಗೊಳಿಸಬೇಕು. ಕಾಲಿನಡಿ ಉಕ್ಕಿನ ಮೊನೆಗಳಿದ್ದರೆ ಅವು ಕಾಂಕ್ರೀಟನ್ನು ಕಚ್ಚುತ್ತವೆ. ಮೇಜು ಕೆಡಬಾರದೆಂದರೆ ನಡುವೆ ಕುಳಿಯಿರುವ ಲೋಹದ ಬಿಲ್ಲೆಗಳನ್ನು ಮೊನೆಗಳಡಿ ಇಡುತ್ತಾರೆ. ಮೆತ್ತನೆಯ ರಬ್ಬರ್ ಹಾಳೆ ಜಾರುವುದನ್ನು ತಡೆದರೂ ಸ್ಪ್ರಿಂಗಿನಂತೆ ತಗ್ಗಿ ಏಳುತ್ತದೆ. ಮೊದಲ ಗುಂಡಿಗೆ ಮುಂಚೆ ರೆಸ್ಟನ್ನು ಅಂಗೈಯಿಂದ ಬಲವಾಗಿ ಒತ್ತಿ ಕೂರಿಸುವುದು ಒಳ್ಳೆಯದು.

ಚೀಲದ ಕೆಲಸ

ಮರಳು ಸಡಿಲವಾಗಿದ್ದರೆ ಪ್ರತಿ ಒದೆತಕ್ಕೂ ಚೀಲದ ಆಕಾರ ಬದಲಾಗುತ್ತದೆ. ಒಣಗಿದ ಸಣ್ಣ ಮರಳನ್ನು ಗಿಡಿದು ತುಂಬಬೇಕು. ಕೆಲವರು ಜಿರ್ಕಾನ್ ಮರಳು ಬಳಸುತ್ತಾರೆ. ಸಾಮಾನ್ಯ ಮರಳಿನ ಕಣಕ್ಕಿಂತ ಅದರ ಕಣ ಒಂದೂಮುಕ್ಕಾಲು ಪಟ್ಟು ಭಾರ. ಆದರೆ ಚೀಲ ರೈಫಲನ್ನು ಹಿಡಿದು ಕಟ್ಟಿಹಾಕಬಾರದು. ರೆಸ್ಟ್ ಕದಲಬಾರದು, ರೈಫಲ್ ಮಾತ್ರ ಸಲೀಸಾಗಿ, ಪ್ರತಿ ಸಲವೂ ಒಂದೇ ಜಾಡಿನಲ್ಲಿ ಜಾರಬೇಕು. ಕಿವಿಗಳಿಗೆ ಟಾಲ್ಕಂ ಪೌಡರ್ ಸವರುವುದು ಇದಕ್ಕಾಗಿ.

ರೆಸ್ಟ್ ಕದಲದಿರುವುದರ ಲಾಭ ತಿಳಿಯುವುದು ಗಾಳಿ ಬೀಸುವಾಗ. ಐದು ಗುಂಡಿಗೆ ಸಿಗುವುದು ಏಳು ನಿಮಿಷ. ಅದರಲ್ಲಿ ಗಾಳಿ ಎಷ್ಟೋ ಸಲ ದಿಕ್ಕು ಬದಲಿಸುತ್ತದೆ. ರೆಸ್ಟ್ ಅಲುಗದಿದ್ದರೆ ರೈಫಲನ್ನು ರೆಸ್ಟಿನ ಮುಂದಿನ ತಡೆಗೆ ತಾಗುವವರೆಗೆ ತಳ್ಳಿದರೆ ಸಾಕು, ಗುರಿ ಸರಿಸುಮಾರು ಅಲ್ಲೇ ಸಿಗುತ್ತದೆ. ಗಾಳಿ ಒಂದೇ ಹದದಲ್ಲಿರುವಾಗಲೇ ಐದೂ ಗುಂಡು ಮುಗಿಸಬಹುದು.

ಜೋಡಣೆ ಸರಿಯಿದೆಯೇ ಎಂದು ತಿಳಿಯಲು ಗುಂಡು ಬೇಕಿಲ್ಲ. ಬೋಲ್ಟ್ ತೆಗೆದ ಖಾಲಿ ರೈಫಲನ್ನು ಚೀಲಗಳ ಮೇಲೆ ಹಿಂದೆಮುಂದೆ ಜಾರಿಸುತ್ತ ದುರ್ಬೀನಿನಲ್ಲಿ ನೋಡಿ. ಅದರೊಳಗಿನ ಗೆರೆಗಳು ಕೂಡುವ ಬಿಂದು ಎಡಕ್ಕೋ ಬಲಕ್ಕೋ ಸರಿದರೆ ಎರಡು ಚೀಲಗಳು ಒಂದೇ ನೇರದಲ್ಲಿಲ್ಲ. ಹಾಗಿದ್ದಾಗ ದುರ್ಬೀನಿನ ತಿರುಪು ಮುಟ್ಟದೆ ಮೊದಲು ಹಿಂದಿನ ಚೀಲವನ್ನು ಸರಿಸಿ.