ಹೋಗುವ ಮುನ್ನ ಬರುವ ದಾರಿ

ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತನ್ನು ಕೇಳದವರು ನಮ್ಮ ಜಿಲ್ಲೆಯಲ್ಲಿ ಇಲ್ಲ. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಸಾಲಾಗಿ ಹೆಸರು ಹೇಳಿದರೆ ಎಂಥವರಿಗೂ ನಿಜವಿರಬಹುದು ಅನಿಸುತ್ತದೆ. ಆದರೆ 1988ರಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆ ಪ್ರಕರಣದಿಂದ. 1989ರಲ್ಲಿ ಬೊಮ್ಮಾಯಿ ಸರ್ಕಾರ ಹೋದದ್ದು ರಾಷ್ಟ್ರಪತಿ ಆಳ್ವಿಕೆ ಬಂದದ್ದರಿಂದ. 1990ರಲ್ಲಿ ಪಾಟೀಲರನ್ನು ಇಳಿಸಿದ್ದು ಅವರದೇ ಪಕ್ಷದ ಹೈಕಮಾಂಡ್. ಹೀಗಿದ್ದೂ 1997ರಲ್ಲಿ ಹೊಸ ಜಿಲ್ಲೆಯಾದಾಗ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಪಟ್ಟಣಕ್ಕೆ ಬಾರದೆ ಉದ್ಘಾಟನೆಯನ್ನು ಮಲೆ ಮಹದೇಶ್ವರ ಬೆಟ್ಟದಲ್ಲೇ ಮುಗಿಸಿದರು. 2013ರ ನಂತರ ಸಿದ್ದರಾಮಯ್ಯನವರು ಹಲವು ಬಾರಿ ಬಂದು ಹೋಗಿ, ಐದು ವರ್ಷದ ಅವಧಿಯನ್ನು ಪೂರ್ತಿ ಮಾಡಿದರು. ಭಯ ಲೆಕ್ಕ ಹಾಕುವುದೇ ಹೀಗೆ. ಕೆಟ್ಟದ್ದು ಆದವರ ಹೆಸರನ್ನು ಅದು ನೆನಪಿಟ್ಟುಕೊಳ್ಳುತ್ತದೆ, ಕಾರಣವನ್ನು ಮರೆಯುತ್ತದೆ.

ವಿದೇಶಕ್ಕೆ ಹೊರಟವರ ಮನೆಗಳಲ್ಲೂ ಇದೇ ಲೆಕ್ಕ ನಡೆಯುತ್ತದೆ. ನಮ್ಮ ಜಿಲ್ಲೆಯ ಕುದೇರಿನಂಥ ಊರಿನಲ್ಲಿ ಹಸು ಕಟ್ಟಿ, ಡೇರಿಗೆ ಹಾಲು ಹಾಕಿ ಓದಿಸಿದ ಮಗನೋ ಮಗಳೋ ಹೊರದೇಶಕ್ಕೆ ಹೊರಟರೆ, ಅದೇ ವಾರ ಟಿ.ವಿ.ಯಲ್ಲಿ ಬಾಂಬು ಬಿದ್ದ ದೃಶ್ಯ ಬಂದರೆ, ಮನೆ ಎರಡು ಪಕ್ಷವಾಗುತ್ತದೆ. ಹೋಗಲೇಬೇಡ ಎನ್ನುವವರು ಒಂದು ಕಡೆ, ಹಣೆಯಲ್ಲಿ ಬರೆದದ್ದನ್ನು ತಪ್ಪಿಸಲಾಗದು ಎನ್ನುವವರು ಇನ್ನೊಂದು ಕಡೆ. ಎರಡೂ ಪಕ್ಷದವರು ಆ ದೇಶ ಸುರಕ್ಷಿತವೋ ಅಲ್ಲವೋ ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತಿರುತ್ತಾರೆ. ಈಚಿನ ವರ್ಷಗಳಲ್ಲಿ ಕನ್ನಡಿಗರು ವಿದೇಶಗಳಲ್ಲಿ ಸಿಲುಕಿಕೊಂಡ ಪ್ರಸಂಗಗಳನ್ನು ನೋಡಿದರೆ, ಆ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ: ಪರಿಸ್ಥಿತಿ ಕೆಟ್ಟರೆ ವಾಪಸು ಬರುವುದು ನಮ್ಮ ಕೈಯಲ್ಲಿ ಇರುತ್ತದೆಯೇ?

ಸುದ್ದಿಯ ಅಬ್ಬರವನ್ನೇ ನಂಬಿ ನಿರ್ಧರಿಸಲಾಗದು ಎಂಬುದಕ್ಕೆ ಕೊಲಂಬೊ ಸಾಕ್ಷಿ. 2019ರ ಏಪ್ರಿಲ್ 18ರಂದು ನಮ್ಮಲ್ಲಿ ಲೋಕಸಭೆಗೆ ಮತದಾನ ಮುಗಿಯಿತು. ಪ್ರಚಾರದಲ್ಲಿ ದಣಿದಿದ್ದ ಜೆಡಿಎಸ್ ಕಾರ್ಯಕರ್ತರ ತಂಡವೊಂದು ವಿಶ್ರಾಂತಿಗೆಂದು ಶ್ರೀಲಂಕಾಕ್ಕೆ ಹೋಯಿತು. ಅಲ್ಲಿ ಅಂತರ್ಯುದ್ಧ ಮುಗಿದು ಹತ್ತು ವರ್ಷವಾಗುತ್ತಾ ಬಂದಿತ್ತು, ಪ್ರವಾಸಿಗರನ್ನು ಹೆದರಿಸುವ ಸುದ್ದಿ ಯಾವುದೂ ಇರಲಿಲ್ಲ. ಏಪ್ರಿಲ್ 21ರ ಈಸ್ಟರ್ ಭಾನುವಾರ ಚರ್ಚುಗಳಲ್ಲಿ, ಹೋಟೆಲುಗಳಲ್ಲಿ ಬಾಂಬು ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಶಾಂಗ್ರಿಲಾ ಹೋಟೆಲಿನಲ್ಲಿದ್ದ ನಮ್ಮವರೂ ಇದ್ದರು. ದಾಳಿಯ ಬಗ್ಗೆ ಗುಪ್ತಚರ ಮಾಹಿತಿ ಅಲ್ಲಿನ ಅಧಿಕಾರಿಗಳಿಗೆ ಮೊದಲೇ ತಲುಪಿತ್ತು, ಜನರಿಗೆ ತಲುಪಲಿಲ್ಲ. ಇಂಥದ್ದನ್ನು ಯಾವ ಪ್ರವಾಸಿಯೂ ಮುಂದಾಗಿ ಊಹಿಸಲಾರ. ಸಿಡಿಲಿನಂತೆ ಎರಗುವ ಈ ಬಗೆಯ ಅಪಾಯಕ್ಕೆ ಹೆದರಿ ಮನೆಯಲ್ಲೇ ಕುಳಿತರೆ ಎಲ್ಲಿಗೂ ಹೋಗುವಂತಿಲ್ಲ.

ಇನ್ನೊಂದು ಬಗೆಯ ಅಪಾಯ ಹೇಳಿ ಬರುತ್ತದೆ. ಉಕ್ರೇನಿನಲ್ಲಿ ಆದದ್ದು ಅದು. 2022ರ ಫೆಬ್ರುವರಿ 15ರಂದು ಕೀವ್‌ನ ಭಾರತೀಯ ರಾಯಭಾರ ಕಚೇರಿ, ಇರಲೇಬೇಕಾದ ಅಗತ್ಯವಿಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಹೊರಡಬಹುದು ಎಂದಿತು. 20ರಂದು ಮತ್ತೆ ಎಚ್ಚರಿಸಿತು. 22ರಂದು, ಆನ್‌ಲೈನ್ ತರಗತಿಯ ಬಗ್ಗೆ ಕಾಲೇಜಿನ ಉತ್ತರಕ್ಕೆ ಕಾಯದೆ ಹೊರಡಿ ಎಂದೇ ಹೇಳಿತು. ವಾರದೊಳಗೆ ಮಾತಿನ ಧಾಟಿ ಎಷ್ಟು ಬದಲಾಯಿತು ನೋಡಿ. ಆದರೆ ಹಾಜರಾತಿಯ ಚಿಂತೆ, ವಿಮಾನ ಟಿಕೆಟಿನ ದರ, ಕಟ್ಟಿದ ಶುಲ್ಕ ಇವೆಲ್ಲ ವಿದ್ಯಾರ್ಥಿಗಳ ಕಾಲು ಕಟ್ಟಿಹಾಕಿದ್ದವು. 24ರ ಬೆಳಗ್ಗೆ ಯುದ್ಧ ಶುರುವಾಯಿತು, ವಿಮಾನ ಹಾರಾಟ ನಿಂತಿತು. ಪಶ್ಚಿಮದ ಲ್ವಿವ್‌ನಲ್ಲಿದ್ದವರಿಗೆ ಪೋಲೆಂಡ್ ಗಡಿ ಹತ್ತಿರವಿತ್ತು. ರಷ್ಯಾ ಗಡಿಯ ಪಕ್ಕದ ಹಾರ್ಕಿವ್‌ನಲ್ಲಿದ್ದವರು ಇಡೀ ದೇಶವನ್ನು ದಾಟಬೇಕಿತ್ತು. ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಗೆ ಬಂದಿದ್ದಾಗ ಶೆಲ್ ದಾಳಿಗೆ ಬಲಿಯಾದ. ಅವನ ದೇಹ ಬೆಂಗಳೂರು ತಲುಪಿದ್ದು ಮಾರ್ಚ್ 21ಕ್ಕೆ. ಅದೇ ದೇಶ, ಅದೇ ಯುದ್ಧ. ಯಾವ ಊರಿನಲ್ಲಿದ್ದರು, ಯಾವ ದಿನ ಹೊರಟರು ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

ಮರು ವರ್ಷ ಸುಡಾನ್ ಇದನ್ನೇ ಇನ್ನಷ್ಟು ಕಠೋರವಾಗಿ ತೋರಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಬಿಡಬೇಕಾಗಿ ಬಂದ ಹಕ್ಕಿಪಿಕ್ಕಿ ಬುಡಕಟ್ಟಿನ ಜನರಲ್ಲಿ ಅನೇಕರು ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರುತ್ತಾ ಆಫ್ರಿಕಾದವರೆಗೂ ಹೋಗಿ ಬದುಕು ಕಟ್ಟಿಕೊಂಡಿದ್ದರು. 2023ರ ಏಪ್ರಿಲ್ 15ರಂದು ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಹತ್ತಿಕೊಂಡಾಗ ರಾಜಧಾನಿ ಖಾರ್ಟೂಮಿನ ವಿಮಾನ ನಿಲ್ದಾಣವೇ ರಣರಂಗವಾಯಿತು. ದೂರದ ದಾರ್ಫುರ್ ಪ್ರಾಂತದ ಎಲ್ ಫಾಶರ್‌ನಲ್ಲಿ ಹಕ್ಕಿಪಿಕ್ಕಿಗಳು ಊಟ, ನೀರಿಗೂ ಪರದಾಡುತ್ತಾ ಸಿಲುಕಿದರು. 24ರಂದು ಆರಂಭವಾದ ಭಾರತ ಸರ್ಕಾರದ ತೆರವು ಕಾರ್ಯಾಚರಣೆ ‘ಆಪರೇಷನ್ ಕಾವೇರಿ’, ಪೋರ್ಟ್ ಸುಡಾನ್ ಬಂದರಿನಿಂದ ಹಡಗು, ವಿಮಾನಗಳಲ್ಲಿ ಜನರನ್ನು ಜೆಡ್ಡಾಕ್ಕೆ ಸಾಗಿಸಿ, ಒಟ್ಟು 3,800ಕ್ಕೂ ಹೆಚ್ಚು ಮಂದಿಯನ್ನು ಕರೆತಂದಿತು. ಆದರೆ ಆ ಬಂದರನ್ನು ಮುಟ್ಟುವುದೇ ಒಂದು ಸಾಹಸವಾಗಿತ್ತು.

ಹೇಗೂ ಸರ್ಕಾರ ಕರೆತರುತ್ತದಲ್ಲ ಎಂದು ಕೆಲವರು ಹೇಳಬಹುದು. ಕರೆತರುತ್ತದೆ, ಅದು ನಮ್ಮ ಹೆಮ್ಮೆಯೂ ಹೌದು. ಆದರೆ ಹಡಗು ಬರುವುದು ಬಂದರಿಗೆ, ವಿಮಾನ ಇಳಿಯುವುದು ನಿಲ್ದಾಣದಲ್ಲಿ. ಅಲ್ಲಿಯವರೆಗಿನ ದಾರಿ ನಮ್ಮದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬಡವರದು: ಹೊಟ್ಟೆಪಾಡಿಗೆ ಹೊರಟವರಿಗೆ ಆಯ್ಕೆ ಎಲ್ಲಿದೆ? ಈ ಮಾತನ್ನು ತಳ್ಳಿಹಾಕಲಾಗದು. ಊರಿನಲ್ಲಿ ಸಾಲ, ಕೈಯಲ್ಲಿ ಕೆಲಸವಿಲ್ಲ ಎಂದಾಗ ಹೋಗದಿರುವುದೂ ಒಂದು ಅಪಾಯವೇ. ಹೋಗಬೇಡಿ ಎಂದು ಅಂಥವರಿಗೆ ಉಪದೇಶ ಮಾಡುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ. ಆದರೆ ಹೋಗುವುದು ಅನಿವಾರ್ಯವಾದಾಗಲೂ ಹೇಗೆ ಹೋಗಬೇಕೆಂಬ ಆಯ್ಕೆ ಉಳಿದಿರುತ್ತದೆ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳೂ ಸೇರಿದಂತೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಹಾಗೆ ಹೋದವರಿಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ವಿಮೆ ಇರುತ್ತದೆ. ವಿಸಿಟ್ ವೀಸಾದಲ್ಲಿ ಕಳಿಸಿ ಆಮೇಲೆ ಸರಿಮಾಡುತ್ತೇನೆ ಎನ್ನುವ ಏಜೆಂಟ್, ಕಷ್ಟಕಾಲದಲ್ಲಿ ನೆರವಿಗೆ ಬರಬೇಕಾದ ಆ ರಕ್ಷಣೆಯನ್ನೇ ಕಿತ್ತುಕೊಳ್ಳುತ್ತಾನೆ.

ಆದ್ದರಿಂದ ಹೊರಡುವ ಮುನ್ನ ಮನೆಮಂದಿ ಕೂತು ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ಇರುವ ಊರು ಯಾವುದು, ಗಲಭೆ ನಡೆದಿರುವ ಜಾಗಕ್ಕೆ ಅದು ಎಷ್ಟು ದೂರ? ವಿಮಾನ ನಿಂತರೆ ರಸ್ತೆಯಲ್ಲಿ ದಾಟಬಹುದಾದ ಗಡಿ ಯಾವುದು? ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ? ವಾಪಸು ಟಿಕೆಟಿನ ಹಣವನ್ನು ಮುಟ್ಟದೆ ತೆಗೆದಿಟ್ಟಿದ್ದೇವೆಯೇ? ಪ್ರವಾಸ ವಿಮೆ ಯುದ್ಧಕ್ಕೂ ಅನ್ವಯಿಸುತ್ತದೆಯೇ? ಎಷ್ಟೋ ಪಾಲಿಸಿಗಳಲ್ಲಿ ಅನ್ವಯಿಸುವುದಿಲ್ಲ. ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ್ದೇವೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಸೂಚನೆ ಬಂದರೆ ಹೊರಟುಬಿಡಬೇಕು ಎಂಬುದನ್ನು ಇಲ್ಲೇ, ಮನಸ್ಸು ತಿಳಿಯಾಗಿರುವಾಗಲೇ ಮಾತಾಡಿಕೊಳ್ಳಬೇಕು. ಶುಲ್ಕ ಹೋದರೆ ಹೋಗಲಿ, ಬಾ ಎಂದು ಅಪ್ಪ ಅಮ್ಮ ಮೊದಲೇ ಹೇಳಿ ಕಳಿಸಿದರೆ ಮಕ್ಕಳಿಗೆ ಅಲ್ಲಿ ತೀರ್ಮಾನಿಸುವ ಧೈರ್ಯ ಬರುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ಇರುವವರು ಸುದ್ದಿ ಕೆಟ್ಟದಾಗಿದ್ದರೂ ಯೋಚಿಸಿ ಹೊರಡಬಹುದು. ಉತ್ತರ ಇಲ್ಲದವರು ಸುದ್ದಿ ತಣ್ಣಗಿದ್ದಾಗಲೂ ಪ್ರಯಾಣ ಮುಂದಕ್ಕೆ ಹಾಕುವುದೇ ಸರಿ.